ಸೊಟ್ಟ ಮುಳ್ಳು

ಅಕ್ಕಾ, ಹೇಗಿದ್ದೀಯೇ?

ಕಲ್ಲಿನ ಧೂಳಿಗೆ ಸೀನುವುದೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಸುದ್ದಿ ಕೇಳು. ಇಷ್ಟು ದಿನ ಮ್ಯೂಸಿಯಂನಲ್ಲಿ ಕೂತು ನಾನು ಬಂಡೆಯಿಂದ ಬಿಡಿಸುತ್ತಿದ್ದ ಡೈನೋಸಾರ್ ಈವರೆಗೆ ಯಾರೂ ಕಂಡಿರದ ಹೊಸ ಪ್ರಭೇದವಂತೆ! ಮೈತುಂಬ ಮೂಳೆಯ ಕವಚ, ಎರಡೂ ಹೆಗಲಿಗೆ ನನ್ನ ತೋಳಿನಷ್ಟುದ್ದದ ಮುಳ್ಳು. ಎಡಗಡೆಯದು ಮಾತ್ರ ಸೊಟ್ಟ. ಇದೇ ಹೊಸ ಪ್ರಭೇದದ ಗುರುತು ಎಂದು ಕುಣಿದಾಡಿಬಿಟ್ಟೆ. ನಮ್ಮ ಮೇಡಂ ಭೂತಗನ್ನಡಿ ಹಿಡಿದು ನೋಡಿ ನಕ್ಕರು.

"ಇದು ಮುರಿದು ಕೂಡ್ಕೊಂಡಿರೋದು ಕಣಮ್ಮ. ಸುತ್ತ ಎಷ್ಟು ಮೂಳೆ ಬೆಳೆದಿದೆ ನೋಡು. ಆಮೇಲೂ ಎಷ್ಟೋ ವರ್ಷ ಬದುಕಿದೆ."

ನಿಜವಾದ ಗುರುತು ಕತ್ತಿನಲ್ಲಿತ್ತು. ಅಲ್ಲಿ ಕವಚದ ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಂಡ ರೀತಿ ಬೇರೆ ಯಾವ ಡೈನೋಸಾರಿಗೂ ಇಲ್ಲವಂತೆ. ಆದರೂ ಮನಸ್ಸು ತಡೆಯದೆ ವರದಿಯಲ್ಲಿ ಸೊಟ್ಟ ಮುಳ್ಳನ್ನೂ ಸೇರಿಸಿದೆ. ಮೇಡಂ ಆ ಸಾಲು ಹೊಡೆದುಹಾಕಿದರು.

"ಪೆಟ್ಟು ಬಿದ್ದಿದ್ದನ್ನ ಗುರುತು ಅಂತ ಬರೆಯೋ ಹಾಗಿಲ್ಲಮ್ಮ."

ಮುರಿದ ಕೈ ಸೊಟ್ಟಗೆ ಕೂಡಿತೆಂದು ನೀನು ಅಲ್ಲಿನ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಅಂಗಡಿಯಲ್ಲಿ ಕೂರುತ್ತೀಯಂತೆ, ಅಮ್ಮ ಹೇಳಿದಳು. ನಿನ್ನ ಗುರುತು ಬರೆಯೆಂದರೆ ನಾನು ಬರೆಯುವುದು ಇಷ್ಟೇ: ಬೀದಿ ಕೊನೆಗೂ ಕೇಳುವ ಗಂಟಲು, ಚೌಕಾಸಿಗೆ ಜಗ್ಗದ ಗಟ್ಟಿ ಹೆಂಗಸು. ಕೈಯ ಮಾತು ಬರೆದರೆ ಮೇಡಂ ಹೊಡೆದುಹಾಕುತ್ತಾರೆ.

ಕಾಗದದಲ್ಲಿ ಜಾಗ ಮುಗಿಯಿತು. ಇಲ್ಲಿ ಸಿಕ್ಕಾಪಟ್ಟೆ ಚಳಿ, ಆ ಸ್ವೆಟರ್ ನನಗೆ ಕಳಿಸಿಬಿಡು.

ನಿನ್ನ ತಂಗಿ