ವೆಂಡೆಲ್‌ನ ನಗದು ಕಾರು

ಲೈಮಾ, ಒಹಾಯೊ
ಮಾರ್ಚ್ ೧೪, ೨೦೧೯

ಪ್ರೀತಿಯ ನಾರ್ಮಾ ಅಕ್ಕ,

ನಿನ್ನ ಕಾಗದ ಬಂದು ವಾರಗಳೇ ಆದವು. ಉತ್ತರ ಬರೆಯದೆ ಕೂತ ತಂಗಿಯನ್ನು ಕ್ಷಮಿಸು. ಮಂಡಿ ನೋವಿದ್ದರೂ ನಿನ್ನ ಅಕ್ಷರ ನೆಟ್ಟಗಿದೆ. ನನ್ನ ಮಂಡಿ ಚೆನ್ನಾಗಿದೆ, ಅಕ್ಷರ ಕುಂಟುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಬರಲಾಗುವುದಿಲ್ಲ ಎಂದು ನಾನು ಹೇಳುವ ಮೊದಲೇ ವಿಮಾನ ಎಷ್ಟು ಹೊತ್ತಿಗೆ ಎಂದು ನೀನು ಕೇಳಿಬಿಡುತ್ತೀಯ.

ಹೌದು ಅಕ್ಕ. ಏಪ್ರಿಲ್‌ನಲ್ಲಿ ನಿನ್ನ ಮಂಡಿಯ ಆಪರೇಷನ್ನಿಗೆ ಟ್ಯೂಸಾನ್‌ಗೆ ಬರಲು ನನ್ನಿಂದಾಗದು. ಸಂಬಳವಿಲ್ಲದ ಒಂದು ತಿಂಗಳ ರಜೆಗೆಂದು ಇಟ್ಟಿದ್ದ ದುಡ್ಡು ಈಗ ನಮ್ಮ ಮನೆ ಮುಂದೆ ನಾಲ್ಕು ಚಕ್ರಗಳ ಮೇಲೆ ನಿಂತಿದೆ. ಬಣ್ಣ ಬೂದಿ.

ಹಳೇ ಕಾರಿನ ಗೇರ್‌ಬಾಕ್ಸ್ ಪ್ರಾಣ ಬಿಟ್ಟದ್ದು ನಿನಗೆ ಗೊತ್ತು. ನಾನು ಅಡುಗೆ ಮಾಡುವ ಶಾಲೆ ಇಪ್ಪತ್ತು ಮೈಲಿ ದೂರ, ಬಸ್ಸಿಲ್ಲ. ಶನಿವಾರ ಗಂಡ ಹೆಂಡತಿ ಇಬ್ಬರೂ ಕಾರಿನ ಅಂಗಡಿಗೆ ಹೋದೆವು. ಬ್ರೆಂಟ್ ಎಂಬ ಮಾರಾಟಗಾರ ಸಪ್ಪೆ ಕಾಫಿ ಕೊಟ್ಟು ಕೂರಿಸಿದ. ಬೆಲೆಯ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

"ತಿಂಗಳಿಗೆ ಎಷ್ಟು ಕಟ್ಟಿದ್ರೆ ನಿಮಗೆ ಆರಾಮ, ಸರ್?"

"ಏನೂ ಕಟ್ಟದಿದ್ರೆ ಬಹಳ ಆರಾಮಪ್ಪ," ಎಂದ ನಮ್ಮ ವೆಂಡೆಲ್. "ಪೂರ್ತಿ ಹಣ ಒಂದೇ ಸಲಕ್ಕೆ ಕೊಡ್ತೀನಿ."

ನಗದು ಎಂದದ್ದೇ ತಡ, ಬ್ರೆಂಟನ ಮುಖ ಇನ್ನು ನಗದು! ನಮ್ಮಪ್ಪನ ಕಾಲದಲ್ಲಿ ನಗದು ತಂದವನಿಗೆ ಬಾಗಿಲು ತೆರೆಯುತ್ತಿದ್ದರು. ಈಗ ನೆಗಡಿ ತಂದವನ ಹಾಗೆ ನೋಡುತ್ತಾರೆ.

"ನಮ್ಮ ಕಡೆಯಿಂದ ಸಾಲ ತಗೊಂಡ್ರೆ ಎರಡು ಸಾವಿರ ಡಾಲರ್ ಕಡಿಮೆ, ಸರ್. ನಗದಿಗೆ ಆ ರಿಯಾಯಿತಿ ಇಲ್ಲ."

"ಅಂದ್ರೆ ದುಡ್ಡಿಲ್ಲದೋನಿಗೆ ಬಹುಮಾನ, ದುಡ್ಡಿರೋನಿಗೆ ದಂಡವೇ?" ಎಂದೆ.

ಹುಡುಗ ಪ್ರಾಮಾಣಿಕ. "ಬಡ್ಡೀಲಿ ನಮಗೂ ಒಂದು ಪಾಲು ಬರುತ್ತಮ್ಮ. ಬೇಕಾದ್ರೆ ನಾಲ್ಕು ತಿಂಗಳು ಬಿಟ್ಟು ಪೂರ್ತಿ ತೀರಿಸಿಬಿಡಿ, ಯಾರು ಬೇಡ ಅಂತಾರೆ?"

ಸ್ವಲ್ಪ ಮುಂಗಡ ಕೊಟ್ಟು ಮಿಕ್ಕದ್ದನ್ನು ಕಂತಿಗೆ ಹಾಕಿದ್ದರೆ ನಿನ್ನ ತಿಂಗಳು ನನ್ನ ಕೈಯಲ್ಲೇ ಉಳಿಯುತ್ತಿತ್ತು. ಆದರೆ ವೆಂಡೆಲ್ ಗೊತ್ತಲ್ಲ. "ಸಾಲದ ಕಾರಲ್ಲಿ ಕೂತ್ರೆ ನನಗೆ ಬೆನ್ನು ನೋವು ಬರುತ್ತೆ," ಎಂದು ಬ್ಯಾಂಕಿನ ಚೆಕ್ಕನ್ನು ಮೇಜಿನ ಮೇಲಿಟ್ಟ. 'ಆ ಜಿಪುಣನಿಗೆ ಹೇಳು, ಎಲ್ಲರ ಹಾಗೆ ಕಂತಿನಲ್ಲಿ ತಗೊಂಡು ನಿನ್ನನ್ನು ಕಳಿಸಲಿ' ಎಂದು ನೀನು ಬರೆದಿದ್ದೆ. ಎಷ್ಟು ಹೇಳಿದರೂ ಸಾಲದು. ಸಾಲ ಬೇಡವೆಂದರೆ ಬೇಡ. ನನಗೂ ವಾದಿಸುವ ತ್ರಾಣ ಇರಲಿಲ್ಲ. ವಾರವಿಡೀ ಒಲೆ ಮುಂದೆ ನಿಂತ ಕಾಲು ಶನಿವಾರದ ಹೊತ್ತಿಗೆ ಯಾರದೋ ಕಾಲಾಗಿರುತ್ತದೆ. ಬರುವಾಗ ಹೊಸ ಸೀಟಿನಲ್ಲಿ ನಿದ್ದೆಹೋದೆ.

ನಿನ್ನ ಡಾಕ್ಟರ ಕೈ ನಡುಗದಿರಲಿ. ಹೊಸ ಮಂಡಿ ನಿನ್ನನ್ನು ಚರ್ಚಿನ ಮೆಟ್ಟಿಲು ಹತ್ತಿಸಲಿ, ಬಿಂಗೊ ಆಟಕ್ಕೂ ಓಡಿಸಲಿ. ದೇವರು ನಿನ್ನ ಜೊತೆಗಿರಲಿ.

ನಿನ್ನ ತಂಗಿ,
ಗ್ಲೆಂಡಾ

ತಾ.ಕ.: ಇಲ್ಲಿಯವರೆಗಿನದನ್ನು ವೆಂಡೆಲ್ ಓದಿ, "ಬೆನ್ನು ನೋವು ಚೆನ್ನಾಗಿ ಬರೆದಿದ್ದೀಯ ಕಣೇ," ಎಂದು ನಕ್ಕು ಅಂಚೆಚೀಟಿ ತರಲು ಹೋಗಿದ್ದಾನೆ. ಅವನು ಓದಲೆಂದೇ ಹಾಗೆ ಬರೆದೆ. ನಡೆದದ್ದು ಬೇರೆ.

ಸಾಲ ಬೇಡವೆಂದವನು ಅವನಲ್ಲ. "ಎರಡು ಸಾವಿರವೂ ಉಳಿಯುತ್ತೆ, ನೀನು ಅಕ್ಕನ ಹತ್ತಿರ ಹೋಗಿ ಬಾ," ಎಂದು ತಾನೇ ಸಾಲದ ಅರ್ಜಿಗೆ ಸಹಿ ಹಾಕಿದ. ಬ್ರೆಂಟ್ ಒಳಗೆ ಹೋಗಿ ಬಂದು, ಕುರ್ಚಿ ಹತ್ತಿರಕ್ಕೆಳೆದು ದನಿ ತಗ್ಗಿಸಿದ: "ಸರ್, ನಿಮ್ಮ ಹೆಸರಲ್ಲಿ ಒಂದು ಟ್ರಕ್ಕಿನ ಸಾಲ ಕಟ್ಟದೆ ನಿಂತಿದೆ. ಯಾವ ಬ್ಯಾಂಕೂ ಒಪ್ತಿಲ್ಲ." ನನ್ನ ಸಂಬಳಕ್ಕೆ ಸಾಲ ಹುಟ್ಟುವುದಿಲ್ಲ. ಬೆನ್ನು ನೋವಿನ ಮಾತು ಬಂದದ್ದು ಆಗ, ಪಕ್ಕದ ಮೇಜಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಆ ಟ್ರಕ್ಕು ನಿನ್ನ ಮಗ ಟ್ರೆವರನದು. ವೆಂಡೆಲ್ ನನಗೂ ಹೇಳದೆ ಜಾಮೀನು ನಿಂತಿದ್ದ. ಟ್ರೆವರ್ ಕಂತು ನಿಲ್ಲಿಸಿದ್ದು ವೆಂಡೆಲ್‌ಗೂ ತಿಳಿದಿರಲಿಲ್ಲ. ನೋಟೀಸುಗಳೆಲ್ಲ ಟ್ರೆವರನ ವಿಳಾಸಕ್ಕೆ ಹೋಗಿವೆ. ನಾನು ಕಾರಿನಲ್ಲಿ ನಿದ್ದೆಹೋಗಲಿಲ್ಲ ಅಕ್ಕ. ದಾರಿಯಲ್ಲಿ ವೆಂಡೆಲ್ ಆಡಿದ್ದು ಇಷ್ಟೇ: "ಆಪರೇಷನ್ ಮುಗಿಯೋವರೆಗೂ ನಾರ್ಮಾಗೆ ಹೇಳಬೇಡ. ನನ್ನನ್ನ ಜಿಪುಣ ಅಂದ್ಕೊಂಡಿರಲಿ ಬಿಡು."

ಅವನ ಮಾತು ಮೀರಿದ್ದೇನೆ. ಆ ಪದವನ್ನು ನಿನ್ನ ಅಕ್ಷರದಲ್ಲಿ ಇನ್ನೊಮ್ಮೆ ಓದಲು ನನ್ನಿಂದಾಗದು.

ಏಪ್ರಿಲ್‌ನಲ್ಲಿ ನನ್ನ ಬದಲು ಟ್ರೆವರನನ್ನು ಕರೆಸಿಕೊ. ನಿನ್ನ ಮಂಡಿಗೆ ಐಸ್ ಇಡಲಿ, ಸೂಪು ಬಿಸಿ ಮಾಡಲಿ, ಕೈ ಹಿಡಿದು ಬಚ್ಚಲಿಗೆ ನಡೆಸಲಿ. ಪೂರ್ತಿ ಒಂದು ತಿಂಗಳು ಬೇಕು ಎನ್ನು. ಯಾಕೆಂದು ಟ್ರೆವರ್ ಕೇಳುವುದಿಲ್ಲ.