ಎಡಗಡೆ ಮಡ್‌ಗಾರ್ಡಿನ ಪುಟ್ಟಿ

ಪ್ರೀತಿಯ ಚಾಚಾ,

ಗಂಜಾಂನ ನಮ್ಮ ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೇನೆ, ನೀವು ಚಹಾ ಕುಡಿಯಲು ಕೂರುತ್ತಿದ್ದ ಹಳೇ ಬಸ್ಸಿನ ಸೀಟಿನ ಮೇಲೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕಾಗದ, ತಪ್ಪಿದ್ದರೆ ಬೈಯಬೇಡಿ. ಬೈದರೆ ನಾನೇನು ಮಾಡುತ್ತೇನೆ ಅಂತ ನಿಮಗೆ ಗೊತ್ತಲ್ಲ. ಮೇಷ್ಟ್ರು ಬೈದರೆಂದು ಸ್ಕೂಲು ಬಿಟ್ಟೆ. ಓನರ್ ಬೈದನೆಂದು ಬಸ್ಸಿನ ಕ್ಲೀನರ್ ಕೆಲಸ ಬಿಟ್ಟೆ. ನಾಗಮಂಗಲದ ಕೋಳಿ ಫಾರಂನಲ್ಲಿ ಹದಿನೇಳು ದಿನ ಇದ್ದೆ, ಅಷ್ಟೆ. ನಿಮ್ಮ ಹತ್ತಿರ ಮಾತ್ರ ಕಾರಿನ ತಗಡು ಬಡಿಯುತ್ತ ನಾಲ್ಕು ವರ್ಷ ನಿಂತೆ. ನೀವು ಕಣ್ಣು ಮುಚ್ಚಿ ಒಂದೂವರೆ ವರ್ಷವಾಯಿತು. ಬಹಳ ಸುಸ್ತಾಗಿದೆ ಚಾಚಾ. ಕೆಲಸದಿಂದಲ್ಲ...

ಅರಕೆರೆ ಶಿವಣ್ಣನವರ ಓಪನ್ ಕಾರನ್ನು ಮೊದಲು ನೋಡಿದ ದಿನ ನೆನಪಿದೆಯಾ? ಅವರ ತಾತ ಕೊಂಡಿದ್ದ ಕಾರು ಆಲೆಮನೆಯ ಹಿಂದೆ ಕಬ್ಬಿನ ಸಿಪ್ಪೆಯಡಿ ಮುಚ್ಚಿಹೋಗಿತ್ತು. ಬಟ್ಟೆಯ ಟಾಪನ್ನು ಇಲಿ ತಿಂದು ಬರೀ ಕಂಬಿ ಉಳಿದಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮರಿ ಆಗುವ ತನಕ ಕಾರು ಎಳೆಯುವುದು ಬೇಡ ಅಂದಿರಿ. “ಸಾಬ್ರೇ, ಕೋಳಿನೂ ನಂದು, ಕಾರೂ ನಂದು. ಅವಸರ ಮಾತ್ರ ಯಾರ್ಗೂ ಇಲ್ಲ,” ಅಂತ ಶಿವಣ್ಣ ನಕ್ಕಿದ್ದರು. ಆಮೇಲೆ ಮೂರು ವರ್ಷ ಅದೇ ಕಾರು ನಮ್ಮ ಜೀವ ತಿಂದಿತು.

ನನಗೆ ನೀವು ಮೊದಲು ಕಲಿಸಿದ್ದು ಸುತ್ತಿಗೆ ಹಿಡಿಯುವುದನ್ನಲ್ಲ, ಕೇಳುವುದನ್ನು. ಬೆರಳಿನ ಬೆಳ್ಳಿ ಉಂಗುರದಿಂದ ಕಾರಿನ ಮೈಯನ್ನು ತಟ್ಟಿ, “ಕಿವಿ ಕೊಡ್ಲಾ ಲೋಕಿ. ತಗಡಾದ್ರೆ ಗಂಟೆ, ಪುಟ್ಟಿ ಆದ್ರೆ ಕುಂಬಳಕಾಯಿ,” ಅಂದಿದ್ದಿರಿ. ತಗ್ಗು ಬಿದ್ದಲ್ಲಿ ಊರೆಲ್ಲ ಪುಟ್ಟಿಯ ಹಿಟ್ಟು ಮೆತ್ತಿ, ಉಜ್ಜಿ, ಬಣ್ಣ ಹೊಡೆಯುತ್ತದೆ. ನೀವು ತಗಡನ್ನು ಬಡಿದು ಬಡಿದೇ ಸರಿ ಮಾಡುತ್ತಿದ್ದಿರಿ. ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೆ ನಿಮ್ಮ ಹೆಸರು ನಡೆದದ್ದು ಆ ಒಂದು ಹಟದಿಂದ. ಈಗ ಆ ಉಂಗುರ ನನ್ನ ಬೆರಳಲ್ಲಿದೆ. ಚಾಚಿಯೇ ಕೊಟ್ಟರು. ನನಗದು ಸ್ವಲ್ಪ ಸಡಿಲ.

ಶಿವಣ್ಣ ಕಾರು ಮಾರಲು ಹೊರಟು ಎಪ್ಪತ್ತು ಲಕ್ಷ ಹೇಳಿದಾಗ ನಾನೂ ನಕ್ಕೆ. ಆದರೆ ಮೈಸೂರಿನ ಡಾಕ್ಟರೊಬ್ಬರು ನಗಲಿಲ್ಲ. ಒಂದು ಚೂರೂ ಪುಟ್ಟಿ ಇಲ್ಲದ ಕಾರು ಅಂತ ಶಿವಣ್ಣ ಜಾಹೀರಾತಿನಲ್ಲಿ ಬರೆದಿದ್ದನ್ನು ನೋಡಿಯೇ ಅವರು ಬಂದದ್ದು. ಆ ಮಾತು ನಿಜವಾದರೆ ತಮ್ಮ ನಾಲ್ಕು ಹಳೇ ಕಾರನ್ನೂ ಈ ಶೆಡ್ಡಿಗೇ ಕಳಿಸುತ್ತೇನೆ ಅಂದರು. ನೀವು ಹೋದ ಮೇಲೆ ಇಲ್ಲಿಗೆ ಬರುವುದು ಆಟೋ ಬಾಗಿಲು, ಸ್ಕೂಟರಿನ ಮುಂಭಾಗದ ಡೂಮು. ನಾಲ್ಕು ಕಾರು ಬಂದರೆ ಶೆಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಜಾಗ ಬಿಡಬೇಕು. ಇಷ್ಟೇ ಇದ್ದದ್ದು.

ಡಾಕ್ಟರು ಶೆಡ್ಡಿನಲ್ಲೇ ನಿಂತಿದ್ದ ಕಾರಿನ ಬಾನೆಟ್ಟು, ಬಾಗಿಲು ಎಲ್ಲ ತಟ್ಟಿ ನೋಡಿ, ತಲೆಯಾಡಿಸಿ, ಡ್ರೈವರ್ ಸೀಟಿನಲ್ಲಿ ಕೂತು ಶಿವಣ್ಣನ ಜೊತೆ ಮಾತಿಗಿಳಿದಿದ್ದರು. ನನಗೆ ಜಂಬ. ಸುಮ್ಮನೆ ಹಿಂದೆ ಹೋಗಿ ಎಡಗಡೆ ಮಡ್‌ಗಾರ್ಡನ್ನು ನಿಮ್ಮ ಉಂಗುರದಿಂದ ತಟ್ಟಿದೆ. ಕುಂಬಳಕಾಯಿ. ಇನ್ನೊಮ್ಮೆ ತಟ್ಟಿದೆ. ಮತ್ತೆ ಅದೇ. ಇಬ್ಬರಿಗೂ ಕೇಳಿಸಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. ಆದರೆ ನನ್ನ ಬಾಯಿ ನಿಮಗೆ ಗೊತ್ತು.

“ಸಾರ್, ಇಲ್ಲಿ ಪುಟ್ಟಿ ಐತೆ,” ಅಂದುಬಿಟ್ಟೆ.

ಡಾಕ್ಟರು ಇಳಿದು ಬಂದರು, ತಟ್ಟಿದರು, ಯೋಚಿಸಿ ಹೇಳುತ್ತೇನೆ ಅಂತ ಹೊರಟರು. ಅವರ ಕಾರು ತಿರುವು ದಾಟಿದ್ದೇ ಶಿವಣ್ಣ ನನ್ನ ಕಡೆ ತಿರುಗಿದರು. “ನಿನ್ನ ಯಾವನ್ಲಾ ಕೇಳ್ದ? ಸತ್ತೋಗಿರೋ ಸಾಬ್ರ ಹೆಸ್ರಿಗೆ ನೀನೇ ಮಣ್ಣಾಕ್ಬುಟ್ಟಲ್ಲೋ,” ಅಂದರು. ಸೋಮವಾರ ಕಾರನ್ನು ಬೇರೆ ಕಡೆ ಒಯ್ಯುತ್ತೇನೆ ಅಂತಲೂ ಹೇಳಿ ಹೋದರು.

ನಿಜ ಹೇಳಲಾ? ಎರಡು ದಿನ ನಿಮ್ಮ ಮೇಲೆ ಬೆಂಕಿಯಂಥ ಸಿಟ್ಟಿತ್ತು. ಉಂಗುರ ತೆಗೆದು ಡಬ್ಬಿಯಲ್ಲಿ ಹಾಕಿದ್ದೆ. ನನಗೆ ಅಷ್ಟು ಹೇಳಿ ನೀವೇ ಹೀಗೆ ಮಾಡಿದಿರಾ? ಕಡೆಕಡೆಗೆ ವಯಸ್ಸಾಗಿ ನಿಮ್ಮ ಕೈ ಸೋಲುತ್ತಿತ್ತು ನಿಜ, ನನ್ನನ್ನು ಕರೆಯಬಹುದಿತ್ತಲ್ಲ? ಮೂರನೇ ದಿನ ತಡೆಯಲಾಗದೆ ಪುಟ್ಟಿ ಕೆರೆದೆ.

ಕೆಳಗೆ ಬೆರಳುದ್ದದ ಸೀಳು. ನೀವು ಅದನ್ನು ಹಿತ್ತಾಳೆಯಿಂದ ಬೆಸೆದಿದ್ದಿರಿ. ಸೀಳಿನ ಸುತ್ತ ತಗಡು ಏಟಿಗೆ ಹಿಗ್ಗಿ ಹಪ್ಪಳದಷ್ಟು ತೆಳು, ಅದರ ತುಂಬ ಕಬ್ಬಿಣದ ಸುತ್ತಿಗೆಯ ಗುರುತು. ಆ ಏಟು ನಿಮ್ಮದಲ್ಲ. ನೀವು ಅಲ್ಲಿ ಮರದ ಸುತ್ತಿಗೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

ಆಗ ನೆನಪಾಯಿತು. ಆ ರಂಜಾನ್ ತಿಂಗಳ ಶುಕ್ರವಾರ, ನೀವು ನಮಾಜಿಗೆ ಹೋಗುವಾಗ, ನಾನು ಬರೋ ತನಕ ಈ ಮಡ್‌ಗಾರ್ಡನ್ನ ಮರದ ಸುತ್ತಿಗೇಲಿ ಬಡಿ, ಮೆಲ್ಲಗೆ ಅಂತ ಹೇಳಿ ಹೋಗಿದ್ದಿರಿ. ನನಗೆ ಬೇಗ ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆ. ಕಬ್ಬಿಣದ್ದು ಎತ್ತಿಕೊಂಡೆ. ನೀವು ಬಂದು ಅಂಗೈ ಆಡಿಸಿ ನೋಡಿದಿರಿ. ಬೈಯಲಿಲ್ಲ. “ನಿಮ್ಮವ್ವನ್ನ ನೋಡ್ಕಂಡು ಬಾ ಓಗು ಬೇಟಾ, ನಾಕು ದಿನ ಇದ್ದು ಬಾ,” ಅಂತ ಕೈಗೆ ಖರ್ಜೂರದ ಪೊಟ್ಟಣ ಕೊಟ್ಟಿರಿ. ಎಂದೂ ರಜೆ ಕೊಡದ ಮನುಷ್ಯ! ಕೆ.ಆರ್. ಪೇಟೆ ಬಸ್ಸಿನ ತುಂಬ ಖುಷಿಯಲ್ಲಿ ಖರ್ಜೂರ ತಿಂದೆ. ತಿರುಗಿ ಬಂದಾಗ ಮಡ್‌ಗಾರ್ಡಿಗೆ ಬಣ್ಣಕ್ಕೆ ಮೊದಲಿನ ಪ್ರೈಮರ್ ಹೊಡೆದಾಗಿತ್ತು.

ತಗಡು ಕತ್ತರಿಸಿ ಹೊಸದು ಕೂರಿಸಲು ಹೊರಟಿದ್ದರೆ ನನಗೆ ಗೊತ್ತಾಗುತ್ತಿತ್ತು, ಶಿವಣ್ಣನಿಗೂ ಗೊತ್ತಾಗುತ್ತಿತ್ತು. ಅವರು ಬೈಯುತ್ತಿದ್ದರು, ನಾನು ಸುತ್ತಿಗೆ ಬಿಸಾಕಿ ಹೋಗುತ್ತಿದ್ದೆ. ಅದಕ್ಕೇ ತಾನೇ? ಒಬ್ಬ ಕೆಲಸಕ್ಕೆ ಬಾರದ ಹುಡುಗ ನಿಲ್ಲಲಿ ಅಂತ ಜೀವಮಾನದ ಹಟವನ್ನು ಮುರಿದಿರಲ್ಲ...

ನಿನ್ನೆ ಬಸ್ಸು ಹತ್ತಿ ಅರಕೆರೆಗೆ ಹೋದೆ. ಆಲೆಮನೆಯ ಮುಂದೆ ಹತ್ತು ಜನ ಇದ್ದರು. ಅವರೆದುರೇ, ಅದು ಸಾಬ್ರ ತಪ್ಪಲ್ಲ, ನನ್ನ ಕೈಕೆಲಸ, ನಾನೇ ಸರಿ ಮಾಡುತ್ತೇನೆ ಅಂದೆ. ಶಿವಣ್ಣ ಬೈದರು ಚಾಚಾ. ಒಂದು ಕೊಪ್ಪರಿಗೆ ಪಾಕ ಕುದಿದು ಇಳಿಯುವವರೆಗೆ ಬೈದರು. ನನ್ನನ್ನು, ನನ್ನ ಓದನ್ನು, ಸಾಕಿದವರನ್ನು. ಕಾಲು ರಸ್ತೆ ಕಡೆ ಎಳೆಯುತ್ತಿತ್ತು. ಕೊನೆಗೆ ಅವರೇ ದಣಿದು ಕೂತು, “ಇಷ್ಟೊತ್ಗೆ ಓಡೋಯ್ತಿದ್ದೆ ನೀನು. ಇನ್ನೂ ನಿಂತಿದ್ದೀಯಲ್ಲೋ,” ಅಂದರು. ಯುಗಾದಿವರೆಗೆ ಟೈಮು ಕೊಟ್ಟಿದ್ದಾರೆ.

ಡಾಕ್ಟರು ಇನ್ನೂ ಫೋನು ಮಾಡಿಲ್ಲ. ಮಾಡುತ್ತಾರೋ ಇಲ್ಲವೋ. ಉಂಗುರವನ್ನು ಡಬ್ಬಿಯಿಂದ ತೆಗೆದು ದಾರ ಸುತ್ತಿ ಹಾಕಿಕೊಂಡಿದ್ದೇನೆ, ಈಗ ಜಾರುವುದಿಲ್ಲ. ನಾಳೆ ಬೆಳಿಗ್ಗೆ ಸೀಳಿದ ತಗಡು ಕತ್ತರಿಸಿ ಹೊಸದನ್ನು ಬಡಿಯುತ್ತೇನೆ. ಮರದ ಸುತ್ತಿಗೆಯಲ್ಲೇ ಚಾಚಾ, ಮೆಲ್ಲಗೆ.

ನಿಮ್ಮ
ಲೋಕಿ