ಹೇಂಟೆ ಸುಮ್ಮನಾದ ದಿನ

ಏಪ್ರಿಲ್ 18, ಸೋಮವಾರ

ಫ್ಲಾಸ್ಕ್ ಮತ್ತೆ ಸೋರಿತು. ಚೀಲವೆಲ್ಲ ಕಾಫಿ. ಬೇಟೆಯ ಸೀಸನ್ನಿನ ಮೊದಲ ದಿನ, ಕಣಿವೆಯಲ್ಲಿ ಒಂದೇ ಟರ್ಕಿ ಹುಂಜ. ಬಾಯಲ್ಲಿ ರಬ್ಬರ್ ಸೀಟಿ ಇಟ್ಟು ಹೇಂಟೆಯಂತೆ ಕೂಗಿದೆ. ಓಕ್ ಮರದ ಮೇಲಿಂದಲೇ ಉತ್ತರ ಕೊಟ್ಟ! ನಾನೂ ಕೊಟ್ಟೆ. ಹದಿನೇಳು ಸಲ. ಇಳಿದು, ಎದೆಯುಬ್ಬಿಸಿ ಅಲ್ಲೇ ಸುತ್ತಿದ. ಹತ್ತಿರ ಬರಲಿಲ್ಲ, ಕತ್ತೆ.

ಅಪ್ಪನ ಕಟ್ಟಳೆ — ಸಮ ದಿನ ನನ್ನದು, ಬೆಸ ದಿನ ಎಲ್ಡನ್ ಅಣ್ಣನದು. ಕಣಿವೆಯ ಹುಂಜ ಹೊಡೆದವರ ಮನೆಗೆ ಆ ವರ್ಷ ಅಪ್ಪ ಕೆತ್ತಿದ, ಮುಚ್ಚಳ ಉಜ್ಜಿದರೆ ಹೇಂಟೆಯಂತೆ ಕೂಗುವ ಮರದ ಪೆಟ್ಟಿಗೆ. ಅಪ್ಪ ಹೋಗಿ ಒಂಬತ್ತು ವರ್ಷ. ಒಂಬತ್ತೂ ವರ್ಷ ಅದು ಅಣ್ಣನ ಟಿವಿ ಪಕ್ಕ. ಈ ಸಲ ನನಗೆ ಬೇಕೇ ಬೇಕು.

ಏಪ್ರಿಲ್ 24

ಹುಂಜನ ಸುತ್ತ ನಾಲ್ಕು ನಿಜವಾದ ಹೇಂಟೆಗಳು. ನನ್ನತ್ತ ತಿರುಗಿಯೂ ನೋಡಲಿಲ್ಲ. ಮೇವಿನ ಅಂಗಡಿಯಲ್ಲಿ ಎಲ್ಲರೆದುರು ಅಣ್ಣ —

“ಲೇ ನಡೀನ್, ಆ ಹುಂಜಕ್ಕೂ ಸ್ವಲ್ಪ ಮಾತಾಡೋಕೆ ಬಿಡೇ!”

“ನೀನೇನು ಹೊಡ್ದಿದೀಯ ಈ ಸಲ?”

“ಒಂಬತ್ತು ವರ್ಷದ ಒಂಬತ್ತು ಹುಂಜದ ಬಾಲ ಮನೇಲಿವೆಯಮ್ಮ. ಬಂದು ಎಣಿಸ್ಕೊ.”

ಮೈಯೆಲ್ಲ ಉರಿಯಿತು.

ಮೇ 2

ಸೀಟಿ ಜೇಬಿನಲ್ಲೇ. ಬರೀ ಕೇಳಿದೆ. ಒಂದು ಹೇಂಟೆ ಎರಡು ಸಲ ಕೂಗಿ, ಎಲೆ ಕೆದರುತ್ತ ತನ್ನ ಪಾಡಿಗಿತ್ತು. ಹುಂಜ ಅರಚಿಯೇ ಅರಚಿದ. ಅದು ಕತ್ತೆತ್ತಲಿಲ್ಲ. ಕೊನೆಗೆ ತಾನೇ ಓಡಿ ಬಂದ! ಬೇಲಿಯಾಚೆ, ಪಕ್ಕದವರ ಜಾಗ... ಹೊಡೆಯುವಂತಿಲ್ಲ. ಆದರೂ ಗೊತ್ತಾಯಿತು. ನಾನು ಕೂಗಿದಷ್ಟೂ ‘ಬರ್ತಾಳೆ ಬಿಡು’ ಅಂತ ನಿಂತಲ್ಲೇ ಮೆರೆಯುತ್ತಿದ್ದ. ಎಷ್ಟು ವರ್ಷ ದಂಡ!

ಮೇ 8, ಭಾನುವಾರ, ಮಧ್ಯಾಹ್ನ 3

ಗೆದ್ದೆ! ಗೆದ್ದೆ! ಗೆದ್ದೆ!

ಕೊನೆಯ ದಿನ. ಕಾನೂನಿನಂತೆ ಒಂದು ಗಂಟೆಗೆ ಬಂದೂಕು ಇಳಿಸಬೇಕು. ಚರ್ಚ್ ತಪ್ಪಿಸಿದೆ, ದೇವರು ಕ್ಷಮಿಸಲಿ. ಎರಡೇ ಸಲ ಕೂಗಿ ಸೀಟಿ ಉಗುಳಿದೆ. ಬೆರಳಿನಿಂದ ಎಲೆ ಕೆದರಿದೆ. ಹುಂಜ ಕರೆದ, ಕರೆದ... ನಾಲಿಗೆ ಕಚ್ಚಿಕೊಂಡು ಕೂತೆ. ಕತ್ತಿನ ಮೇಲೆ ಇರುವೆ. ಮುಕ್ಕಾಲು ಗಂಟೆ. ಹನ್ನೆರಡೂ ನಲವತ್ತಕ್ಕೆ ಪೊದೆಯ ಪಕ್ಕ ಕೆಂಪು ತಲೆ. ಒಂದೇ ಗುಂಡು. ಇಪ್ಪತ್ತೆರಡು ಪೌಂಡ್!

ಹೊತ್ತು ತಂದು ಅಣ್ಣನ ಜಗಲಿಯ ಮೇಲೆ ಹಾಕಿದೆ. ಚರ್ಚಿನ ಕೋಟಿನಲ್ಲೇ ಹೊರಬಂದ.

“ಎಷ್ಟು ಸಲ ಕೂಗ್ದೆ?”

“ಎರಡು.”

“ಸುಳ್ಳು.”

“ಅಪ್ಪನಾಣೆ.”

ಒಳಗೆ ಹೋಗಿ ಪೆಟ್ಟಿಗೆ ತಂದ. ಕೋಟಿನಿಂದಲೇ ಧೂಳು ಒರೆಸಿದ. “ಮೊದಲೇ ಬಾಯಿ ಮುಚ್ಚಿದ್ರೆ ಒಂಬತ್ತು ವರ್ಷವೂ ನಿನ್ನ ಹತ್ರಾನೇ ಇರ್ತಿತ್ತಲ್ಲೇ, ಪೆದ್ದಿ.” ದಾರಿಯುದ್ದಕ್ಕೂ ನಗುತ್ತ, ಅಳುತ್ತ ಮನೆಗೆ ಬಂದೆ.

ಮೇ 9, ಬೆಳಿಗ್ಗೆ 6

ಪೆಟ್ಟಿಗೆ ಅಡುಗೆಮನೆಯ ಮೇಜಿನ ಮೇಲೆ. ಮುಚ್ಚಳ ಒಮ್ಮೆ ಉಜ್ಜಿದೆ, ಅಷ್ಟೇ. ಅಪ್ಪನ ಹೇಂಟೆ ಕೂಗಿತು. ಕಣಿವೆಯಿಂದ ಉತ್ತರ! ಇನ್ನೊಬ್ಬ! ನಿನ್ನೆ ಹೊಡೆದ ಹುಂಜನ ಭಯಕ್ಕೆ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದನೋ ಏನೋ. ಸೀಸನ್ ಮುಗಿದಿದೆ ಮಾರಾಯ, ಬದುಕಿಕೊ. ಮತ್ತೆ ಕರೆಯುತ್ತಿದ್ದಾನೆ. ಸುಮ್ಮನಿರಬೇಕು. ನೂರರವರೆಗೆ ಎಣಿಸುತ್ತೇನೆ. ಮೂವತ್ತು... ಅಯ್ಯೋ, ಒಂದೇ ಒಂದು ಸಲ —